ಖಾಲಿ ಬಿಟ್ಟ ಮನೆದೇವರು

ಶೋಭಾ, ಆ ಹುಡುಗಿಯನ್ನು ವೆಬ್‌ಸೈಟಿನಲ್ಲಿ ಕಾಣದಂತೆ ಮಾಡಿದ್ದು ನೀವಲ್ಲ — ನಾನು. ಬೇಕೆಂದು ಮಾಡಲಿಲ್ಲ, ನಿಜ. ಆದರೆ ಗೊತ್ತಾದ ಮೇಲೂ ಹೇಳಲಿಲ್ಲ.

ಕೃಷ್ಣರಾಜನಗರದ ಕೆಂಪಣ್ಣನವರ ವಧೂವರರ ಕೇಂದ್ರಕ್ಕೆ ವೆಬ್‌ಸೈಟ್ ಮಾಡಿಕೊಟ್ಟವನು ನಾನು; ಅದಕ್ಕೆ ವಿವರ ತುಂಬುತ್ತಿದ್ದವರು ನೀವು. ಪುಟಗಳಿಗೆ ಸಿದ್ಧ ತಂತ್ರಾಂಶವಿತ್ತು. ಗಂಡು-ಹೆಣ್ಣುಗಳ ವಿವರಕ್ಕೆ ಮಾತ್ರ ಡೇಟಾಬೇಸಿನಲ್ಲಿ ನನ್ನದೇ ಒಂದು ಟೇಬಲ್ ಮಾಡಿ, ಅದರಿಂದ ಹುಡುಕಿ ತರುವ ಕ್ವೆರಿಯನ್ನು ಪುಟದೊಳಗೆ ಬರೆದಿದ್ದೆ. ಒಂದೇ ಮನೆದೇವರ ಒಕ್ಕಲಿನವರು ನಮ್ಮಲ್ಲಿ ಅಣ್ಣತಂಗಿಯರ ಲೆಕ್ಕ. ಹಾಗಾಗಿ ಗಂಡಿನ ಮನೆದೇವರನ್ನು ಕೊಟ್ಟರೆ, ಬೇರೆ ಮನೆದೇವರ ಹೆಣ್ಣುಗಳಷ್ಟೇ ಬರಬೇಕು. ಭಾರೀ ಜಾಣತನವೆಂದು ಬೀಗಿದ್ದೆ.

ಹೊಸ ಅಗ್ರಹಾರದ ಪುಟ್ಟಲಕ್ಷ್ಮಿಯ ಸೋದರಮಾವ ಬಂದು ಕೇಳಿದ: "ನಮ್ ಹುಡ್ಗಿ ಯಾವ್ ಗಂಡಿನ್ ಕಡೆಯೋರ್ಗೂ ಕಾಣ್ತಾ ಇಲ್ವಂತಲ್ಲ? ಯಾರೋ ಬೇಕಂತ್ಲೇ ತಗೀತಾವ್ರೆ ಬುಡಿ."

ನೋಡಿದರೆ, ಹುಡುಗಿ ಟೇಬಲ್ಲಿನಲ್ಲಿ ಇದ್ದಾಳೆ, ಪುಟದಲ್ಲಿ ಇಲ್ಲ. ನಿಮ್ಮ ತಂಗಿಯ ವಿವರವೂ ಅದೇ ಕೇಂದ್ರದಲ್ಲಿತ್ತು; ಅವಳಿಗೆ ಗಂಡು ಸಿಗಲೆಂದು ಇವಳನ್ನು ಮರೆಮಾಡಿದಿರಿ — ಅನುಮಾನಕ್ಕೆ ಇನ್ನೇನು ಬೇಕು? ಕೆಂಪಣ್ಣ ನಿಮ್ಮ ಬೆನ್ನ ಹಿಂದೆ ಬಂದು ನಿಲ್ಲತೊಡಗಿದರು. ನಾನೂ — ಹೌದು, ನಾನೂ — ನೀವು ಊಟಕ್ಕೆದ್ದಾಗ ನಿಮ್ಮ ಕಂಪ್ಯೂಟರ್ ತಡಕಾಡಿದೆ. ನಕ್ಕರೆ ಏಕೆ ನಕ್ಕಳು, ಸುಮ್ಮನಿದ್ದರೆ ಏನು ಬಚ್ಚಿಡುತ್ತಿದ್ದಾಳೆ... ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನಿಮಗೆ ಹೇಳದೆ ಪಾಸ್‌ವರ್ಡನ್ನೂ ಬದಲಿಸಿದೆ; ಅದು ಕೆಂಪಣ್ಣನವರ ಕೆಲಸವೆಂದೇ ನೀವು ತಿಳಿದಿರಿ. ಆದರೂ ಹುಡುಗಿ ಪುಟಕ್ಕೆ ಬರಲಿಲ್ಲ.

ಆಮೇಲೆ ಕಣ್ಣಿಗೆ ಬಿತ್ತು: ಅವಳ ಮನೆದೇವರ ಜಾಗ ಖಾಲಿ. ಅವಳ ತಾಯಿ ನಿಮ್ಮೆದುರು, ನಾನೂ ಅಲ್ಲೇ ಇದ್ದಾಗ, ಹೇಳಿದ್ದು ಆಗ ನೆನಪಾಯಿತು: "ಗಂಡ ಬುಟ್ಟೋದ. ಅವ್ನ್ ದೇವ್ರು ನಮ್ಗ್ಯಾಕವ್ವ? ಖಾಲಿ ಬುಡು." ನೀವು ಹೇಳಿದ ಹಾಗೆ ಬಿಟ್ಟಿರಿ. ಆದರೆ ಕ್ವೆರಿಗೆ ಖಾಲಿ ಎಂದರೆ 'ಬೇರೆ ದೇವರು' ಅಲ್ಲ, 'ಗೊತ್ತಿಲ್ಲ'. ಗೊತ್ತಿಲ್ಲದವರನ್ನು ಅದು ಯಾವ ಗಂಡಿಗೂ ತೋರಿಸುವುದಿಲ್ಲ. ಖಾಲಿ ಇದ್ದವರನ್ನೂ ಸೇರಿಸು ಎಂದು ನಾನು ಬರೆದಿರಲೇ ಇಲ್ಲ.

ಅಷ್ಟರಲ್ಲಿ ಕೆಂಪಣ್ಣ ಒಳಗೆ ಬಂದರು. "ಏನ್ರೀ, ಶೋಭಾಂದೇ ಕೈವಾಡಾನಾ?"

"ಇರ್ಬೋದು," ಅಂದೆ.

ಒಂದೇ ಮಾತು. ಹುಣಸೂರು, ಪಿರಿಯಾಪಟ್ಟಣದಲ್ಲೂ ಆಗಷ್ಟೇ ಕೆಲಸ ಸಿಗುತ್ತಿತ್ತು, ಹೆಸರು ಕೆಟ್ಟರೆ — ಬೇಡ. ಕಾರಣ ಹೇಳಹೊರಟರೆ ಅದು ಸಮರ್ಥನೆಯೇ ಆಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು, ಬರೆಯ ಕಬ್ಬಿಣ ಕಾಸಿ ಕೊಟ್ಟವನು ನಾನು. ನಿಮ್ಮನ್ನು ಕೆಲಸದಿಂದ ಬಿಡಿಸಿದ ದಿನ ಬಸ್ಸಿನವರೆಗೂ ಬಂದು ಬೀಳ್ಕೊಟ್ಟೆ, ಎಂಥ ನಾಚಿಕೆಗೇಡು.

ನೀವು ಹೋದ ಮೇಲೆ ಕ್ವೆರಿ ತಿದ್ದಿದೆ. ಪುಟ್ಟಲಕ್ಷ್ಮಿ ಪುಟದಲ್ಲಿ ಕಾಣಿಸಿಕೊಂಡಳು. ಅದೇ ನಿಮ್ಮ ಮೇಲೆ ಸಾಕ್ಷಿಯಾಯಿತು. "ನೋಡುದ್ರಾ, ಅವ್ಳೋದ್ಲು, ಇವ್ಳು ಬಂದ್ಲು," ಎಂದು ಕೆಂಪಣ್ಣ ಕಂಡವರಿಗೆಲ್ಲ ಹೇಳಿದರು. ಆ ಮಾತು ಗಂಡಿನ ಕಡೆಯವರ ಕಿವಿಗೆ ಬಿದ್ದು, ನಿಮ್ಮ ತಂಗಿಗೆ ನಿಶ್ಚಯವಾಗಿದ್ದ ಹಂಪಾಪುರದ ಸಂಬಂಧ ಮುರಿದುಬಿತ್ತು. ಆಗಲೂ ನಾನು ಬಾಯಿ ಬಿಡಲಿಲ್ಲ.

ಇಷ್ಟು ವರ್ಷಗಳ ಮೇಲೆ ಮೊನ್ನೆ ಹುಣಸೂರಿನ ಬಸ್ ನಿಲ್ದಾಣದಲ್ಲಿ ಸಿಕ್ಕಿರಿ. ತಂಗಿಗೆ ಕೊನೆಗೂ ಮದುವೆಯಾಗಲಿಲ್ಲ, ನಿಮ್ಮ ಜೊತೆಗೇ ಇದ್ದಾಳೆ ಎಂದಿರಿ. ಇವತ್ತು ಹೇಳಿಬಿಡೋಣ ಎಂದು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನೀವೇ ಅಂದಿರಿ: "ಅವತ್ತು ಎಲ್ರೂ ನನ್ ಮ್ಯಾಲೆ ಅನುಮಾನ ಪಟ್ರು. ನೀವೊಬ್ರೇ ನಂಬಿದ್ರಿ. ಅದ್ನ ನಾನು ಮರ್ತಿಲ್ಲ ಕಣ್ರೀ."

ಹಾಗೆಂದು ನನಗೆ ಕಾಫಿ ತರಿಸಿದಿರಿ. ನಾನು ಕುಡಿದೆ.