ಗದ್ದೆಯ ಮೇಲೆ ಗರುಡ

ಅಕ್ಕನ ಮಗಳನ್ನು ಮದುವೆಯಾಗಲು ಹುಡುಗ ಹೆಲಿಕಾಪ್ಟರಿನಲ್ಲಿ ಬರುತ್ತಾನೆಂದು ತಿಳಿದಂದಿನಿಂದ ನಾನು ಬೇಡವೆನ್ನುತ್ತಲೇ ಇದ್ದೆ. ನಾನು ಲಿಫ್ಟಿಗೂ ಹೆದರುವವನು. ಹಾಗಾಗಿ ನನ್ನ ಮಾತನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ಇನ್ನಂಜೆಯಲ್ಲಿ ಭಾವನ ಮನೆಯೆದುರಿನ ಕೊಯ್ಲು ಮುಗಿದ ಗದ್ದೆಯಲ್ಲಿ ಹೆಲಿಕಾಪ್ಟರ್ ಇಳಿಯಲು ಸುಣ್ಣದ ವೃತ್ತ ಎಳೆದು, ಧೂಳೇಳದಂತೆ ನೀರು ಹೊಡೆಸಿದ್ದರು.

ಮದುವೆಯ ಬೆಳಿಗ್ಗೆ ಅಲ್ಲಿಗೆ ಹೋದರೆ, ಕಣ್ಣಿಗಿಂತ ಮೊದಲು ಮೂಗಿಗೆ ಹೊಡೆಯಿತು. ಹಿಂದಿನ ದಿನದ ಮೆಹೆಂದಿ ಊಟದ ಕಸವನ್ನೆಲ್ಲ ಗದ್ದೆಯ ಮೂಲೆಯಲ್ಲಿ ಸುರಿದಿದ್ದರು. ಕೋಳಿಯ ಕರುಳು, ಪುಕ್ಕ, ಮಲ್ಪೆಯಿಂದ ತಂದ ಮೀನಿನ ತಲೆಗಳು, ಸಾರು ಮೆತ್ತಿದ ಪ್ಲೇಟುಗಳು. ಎಲ್ಲದರ ಮೇಲೆ ಹಳದಿ ನೊರೆ. ಆಕಾಶದಲ್ಲಿ ಹದ್ದುಗಳ ಜೊತೆ ಬಿಳಿ ಕತ್ತಿನ ಗರುಡಗಳು ಸುತ್ತುತ್ತಿದ್ದವು.

"ಭಾವ, ಇದನ್ನು ಬೇಗ ಮುಚ್ಚಿಸಿ. ಹಕ್ಕಿ ಬಡಿದರೆ ಹೆಲಿಕಾಪ್ಟರ್ ಬೀಳ್ತದೆ."

ಭಾವ ಮೇಲೆ ನೋಡಿ ಕೈಮುಗಿದರು. "ಗರುಡ ಮಾರಾಯ! ಮದುವೆಯ ದಿನ ಗರುಡ ಸುತ್ತು ಹಾಕುವ ಭಾಗ್ಯ ಎಷ್ಟು ಜನಕ್ಕುಂಟು? ನಿನಗೆ ಇದಕ್ಕೂ ಹೆದರಿಕೆಯಾ?"

"ಅವು ಬಂದದ್ದು ಕೋಳಿಯ ಕರುಳಿಗೆ."

"ಥತ್, ಶುಭದಿನ ಎಂತ ಮಾತಾಡ್ತಿ!"

ಸುತ್ತಲಿದ್ದವರೂ ಭಕ್ತಿಯಿಂದ ಕೈಮುಗಿದರು, ಮರುಕ್ಷಣವೇ ಮೂಗು ಮುಚ್ಚಿಕೊಂಡರು.

ಪಂಚೆ ಎತ್ತಿ ಕಟ್ಟಿ ನಾನೇ ಗುದ್ದಲಿ ಹಿಡಿದೆ. ಮಣ್ಣೆಳೆದಷ್ಟೂ ಕರುಳು ಜಾರಿ ಕಾಲಿನ ಮೇಲೆಯೇ ಬೀಳುತ್ತಿತ್ತು. ಬೆರಳ ಸಂದಿಗೆ ಹುಳ ಹತ್ತಿತು. ತಿಂದಿದ್ದ ಇಡ್ಲಿಯನ್ನು ಅಲ್ಲೇ ಕಾರಿಕೊಂಡೆ. ರಾಶಿ ಇನ್ನಷ್ಟು ದೊಡ್ಡದಾಯಿತು, ಅಷ್ಟೆ.

ಅಂಗಳದಿಂದ ಮದುಮಗಳ ಸಣ್ಣ ದನಿ ಕೇಳಿತು. "ಮಾವ, ಅವರು ಹೊರಟು ಆಗಲೇ ಹೊತ್ತಾಯಿತಂತೆ. ಹಕ್ಕಿಗಳು ಹೋದವಾ?"

ಉತ್ತರ ಹೇಳುವ ಮೊದಲೇ ಹೆಲಿಕಾಪ್ಟರ್ ತೆಂಗಿನ ತಲೆಯ ಮೇಲೆ ಬಂತು. ಅದರ ಗಾಳಿಗೆ ಪ್ಲೇಟು, ಪುಕ್ಕಗಳೆಲ್ಲ ಎದ್ದು ಪಟ್ಟೆ ಸೀರೆಗಳಿಗೆ ಅಂಟಿದವು. ಬೆದರಿದ ಹಕ್ಕಿಗಳು ಒಮ್ಮೆಲೇ ಮೇಲೇರಿದವು. ಒಂದು ಗರುಡ ಗಾಜಿಗೆ ತಾಗಿತೇನೋ ಎಂಬಷ್ಟು ಹತ್ತಿರ ಹಾಯಿತು. ಹೆಲಿಕಾಪ್ಟರ್ ಪಕ್ಕಕ್ಕೆ ವಾಲಿ, ಹೇಗೋ ಮೇಲೆದ್ದು, ಮಣಿಪಾಲದ ಕಡೆ ತಿರುಗಿತು. ನಾನು ಆ ಕೆಸರಲ್ಲೇ ಕೂತುಬಿಟ್ಟೆ.

ಮಣಿಪಾಲದಲ್ಲಿ ಇಳಿದು ಕಾರಿನಲ್ಲಿ ಬಂದ ಹುಡುಗನ ಮುಖದಲ್ಲಿ ರಕ್ತವಿರಲಿಲ್ಲ. ಭಾವ ಎಲ್ಲರಿಗೂ ಕೇಳುವಂತೆ ಹೇಳಿದರು: "ಗರುಡನೇ ಕಾಪಾಡಿದ್ದು, ಅಲ್ವಾ?" ಎಲ್ಲರೂ ಹೌದೆಂದರು. ನಾನು ಕೈಕಾಲು ತೊಳೆಯಲು ಬಾವಿಕಟ್ಟೆಗೆ ಹೋದೆ.

ಧಾರೆಗೆ ಸೋದರಮಾವ ಬೇಕೆಂದು ಕರೆದರು. ಎಷ್ಟು ತೊಳೆದರೂ ನಾರುತ್ತಲೇ ಹೋಗಿ ನಿಂತೆ. ಪುರೋಹಿತರು ಹಿಂದೆ ಸರಿದರು. ಧಾರೆಯ ನೀರಿನ ಕೆಳಗೆ ಹುಡುಗನ ಕೈ ಇನ್ನೂ ನಡುಗುತ್ತಿತ್ತು. ಅವಳು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.