ಬಲಗಡೆಯ ಒಂದೇ ಗಾಡಿ

ಕೊರೊನಾ ಗಲಾಟೆಯೆಲ್ಲ ತಣ್ಣಗಾಗಿ ಕಾಲೇಜುಗಳು ಮತ್ತೆ ಸರಿಯಾಗಿ ನಡೆಯತೊಡಗಿದ್ದ ವರ್ಷದ ಮಾತು ಇದು. ನಮ್ಮವರಿಗೆ ಔಷಧಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ನಾವು ತುಮಕೂರು ಬಿಟ್ಟು ನೈರೋಬಿಗೆ ಬಂದು ಆಗಲೇ ಕೆಲವು ವರ್ಷಗಳಾಗಿದ್ದವು. ನ್ಗಾರಾದಲ್ಲಿ ಮನೆ. ಹರ್ಲಿಂಗ್‌ಹ್ಯಾಮ್‌ನ ಒಂದು ಸಣ್ಣ ಸಮುದಾಯ ಕಾಲೇಜಿನಲ್ಲಿ ಗಣಿತ ಹೇಳಿಕೊಡುವ ಕೆಲಸ ನನ್ನದು. ಊರಿನಲ್ಲಿ ಪಿಯುಸಿ ಮಕ್ಕಳಿಗೆ ಕಲಿಸಿದವಳು ನಾನು. ಇಲ್ಲಿ ದೊಡ್ಡವರಿಗೆ ಭಿನ್ನರಾಶಿ, ಶೇಕಡಾ ಕಲಿಸಬೇಕು ಎಂದಾಗ ಮೊದಲ ದಿನ ಮುಖ ಸಿಂಡರಿಸಿದ್ದೆ. ಕೋಪ ನನಗೆ ಮೂಗಿನ ತುದಿಯಲ್ಲೇ.

ಆ ತರಗತಿಗೆ ಬರುತ್ತಿದ್ದವರು ಶಾಲೆಯನ್ನು ಅರ್ಧಕ್ಕೇ ಬಿಟ್ಟವರು, ಇಲ್ಲವೇ ಮುಗಿಸಿ ಎಷ್ಟೋ ವರ್ಷ ಪುಸ್ತಕ ಮುಟ್ಟದವರು. ಮುಂದಿನ ಕೋರ್ಸಿಗೆ ಹೋಗಬೇಕಾದರೆ ಅವರು ಮೊದಲು ಈ ಮೂಲ ಗಣಿತದ ಪರೀಕ್ಷೆ ಪಾಸಾಗಬೇಕು. ಕಾಲೇಜಿನವರು ಒಂದು ಜಾಣತನ ಮಾಡಿದ್ದರು. ಗಣಿತಕ್ಕೂ ಇಂಗ್ಲಿಷಿಗೂ ಅದೇ ಗುಂಪನ್ನು ಒಟ್ಟಿಗೆ ಕೂರಿಸುತ್ತಿದ್ದರು, ಒಬ್ಬರಿಗೊಬ್ಬರು ಆಗಲಿ ಅಂತ.

ಆ ಗುಂಪಿನಲ್ಲಿದ್ದವಳು ಮಾಮಾ ಬ್ರಯನ್. ನಿಜವಾದ ಹೆಸರು ಗ್ರೇಸ್. ಆದರೆ ಇಲ್ಲಿ ಮಾಮಾ ಅಂದರೆ ಅಮ್ಮ; ತಾಯಂದಿರನ್ನು ಹೀಗೆ ಮಗುವಿನ ಹೆಸರು ಹಿಡಿದೇ ಕರೆಯುವುದು. ಹೆಚ್ಚುಕಡಿಮೆ ನನ್ನದೇ ವಯಸ್ಸು. ಬೆಳಿಗ್ಗೆ ಮತ್ತು ಮಧ್ಯಾಹ್ನ ದುಡ್ಡಿದ್ದವರ ಬಡಾವಣೆಯಾದ ಕರೆನ್‌ನ ಒಂದು ಶಾಲೆಯ ವ್ಯಾನ್ ಓಡಿಸಿ, ಸಂಜೆ ತರಗತಿಗೆ ಬರುತ್ತಿದ್ದಳು. ನರ್ಸ್‌ಗಳ ಸಹಾಯಕಿಯಾಗಬೇಕು ಅನ್ನುವುದು ಅವಳ ಆಸೆ. ಒಂದು ಸಲ ನನ್ನ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಎರಡನೇ ಸಲವೂ ಫೇಲಾದರೆ ಸೀಟು ಬೇರೆಯವರ ಪಾಲು. ಎರಡು ಸಾಲಿಗಿಂತ ಉದ್ದದ ಲೆಕ್ಕ ಕಂಡರೆ ಸಾಕು, ಪೆನ್ನು ಕೆಳಗಿಟ್ಟು ಕಿಟಕಿ ನೋಡುತ್ತಿದ್ದಳು. ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು.

ಒಂದು ಸಂಜೆ ವಾಂಬೂಯಿ ಎದ್ದು ನಿಂತಳು. ಸಣ್ಣ ವಯಸ್ಸಿನ, ಬಾಯಿ ಜೋರಿನ ಹುಡುಗಿ. "ಮ್ವಾಲಿಮು, ನಾವು ಒಂದು ಚಾಮಾ ಮಾಡ್ತೀವಿ," ಅಂದಳು. ಮ್ವಾಲಿಮು ಅಂದರೆ ಟೀಚರ್. ಚಾಮಾ ಅಂದರೆ ನಮ್ಮ ಕಡೆಯ ಚೀಟಿ ಗುಂಪಿನ ಹಾಗೆ. ಎಲ್ಲರೂ ಹಾಕುತ್ತಾರೆ, ಸರದಿಯಂತೆ ಒಬ್ಬರು ಎತ್ತುತ್ತಾರೆ.

"ದುಡ್ಡಿನ ವ್ಯವಹಾರ ಕ್ಲಾಸಲ್ಲಿ ಬೇಡಮ್ಮ," ಎಂದೆ.

"ದುಡ್ಡಲ್ಲ ಮ್ವಾಲಿಮು, ಲೆಕ್ಕದ್ದು! ಒಂದೊಂದು ವಾರ ಒಬ್ಬೊಬ್ಬರ ಸರದಿ. ಆ ವಾರ ಕ್ಲಾಸ್ ಮುಗಿದ ಮೇಲೆ ಎಲ್ಲರೂ ಕೂತು ಅವರೊಬ್ಬರಿಗೇ ಹೇಳಿಕೊಡೋದು."

ಇವರಿಗೇ ನೆಟ್ಟಗೆ ಬರಲ್ಲ, ಇವರೇನು ಹೇಳಿಕೊಟ್ಟಾರು ಅಂದುಕೊಂಡೆ. ಆದರೆ ನಡೆದದ್ದೇ ಬೇರೆ. ಶೇಕಡಾ ಗೊತ್ತಿದ್ದವನು ಶೇಕಡಾ ಹೇಳಿದ, ಗುಣಾಕಾರ ಬಂದವಳು ಗುಣಾಕಾರ ಹೇಳಿದಳು. ನಾನು ಹೇಳಿದಾಗ ಹೂಂ ಹೂಂ ಎನ್ನುತ್ತಿದ್ದವರು ತಮ್ಮತಮ್ಮೊಳಗೆ ಜಗಳವಾಡಿ ಕಲಿಯುತ್ತಿದ್ದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ಮನೆಗೆ ಹೊರಡುವ ಮನಸ್ಸೇ ಆಗುತ್ತಿರಲಿಲ್ಲ.

ಕೊನೆಗೆ ಮಾಮಾ ಬ್ರಯನ್ ಸರದಿ ಬಂತು. ಅವಳು ಚೀಲ ಹೆಗಲಿಗೇರಿಸಿ, "ನನ್ನ ಸರದಿ ಬೇರೆಯವರಿಗೆ ಕೊಡಿ," ಎಂದು ಹೊರಟೇಬಿಟ್ಟಳು. ಮರುದಿನ ತರಗತಿಗೆ ಬರಲಿಲ್ಲ. ಆಮೇಲೂ ಬರಲಿಲ್ಲ. ಫೋನ್ ಎತ್ತಲಿಲ್ಲ.

"ಪರೀಕ್ಷೆ ಹತ್ತಿರ ಬಂತು, ಏನಾಯ್ತು ಇವಳಿಗೆ?" ಎಂದು ರೇಗಿದೆ. ವಾಂಬೂಯಿ ಮುಖ ಚಿಕ್ಕದು ಮಾಡಿಕೊಂಡು, "ನಾವು ಹೇಳಿದರೆ ಕೇಳ್ತಿಲ್ಲ ಮ್ವಾಲಿಮು. ನೀವು ಹೋಗಿ ಕರೆದರೆ ಬರಬಹುದು," ಎಂದಳು.

ನನಗಿದ್ದ ತಾಪತ್ರಯವನ್ನೂ ಇಲ್ಲಿ ಹೇಳಿಬಿಡಬೇಕು. ಮುಂದಿನ ಟರ್ಮಿನಿಂದ ನಮ್ಮ ಮಗಳು ಅನಘಾ ಕರೆನ್‌ನದೇ ಇನ್ನೊಂದು ಶಾಲೆಗೆ ಹೋಗುವವಳಿದ್ದಳು. ನಮ್ಮ ಕಡೆಗೆ ಅವರ ವ್ಯಾನ್ ಇಲ್ಲ. ನಮ್ಮವರ ಕಾರ್ಖಾನೆ ಇನ್ನೊಂದು ದಿಕ್ಕು. ನಾನೇ ಕಾರು ಓಡಿಸಬೇಕು. ಆದರೆ ಡ್ರೈವಿಂಗ್ ಟೆಸ್ಟ್‌ನಲ್ಲಿ ನಾನು ಎರಡು ಸಲ ಡುಮ್ಕಿ! ಎರಡು ಸಲವೂ ರೌಂಡಬೌಟಿನ ಹತ್ತಿರ ಕೈಕಾಲು ತಣ್ಣಗಾಗಿ ಗಾಡಿ ನಿಂತುಬಿಟ್ಟಿತ್ತು. ಹಿಂದಿನಿಂದ ಮಟಾಟುಗಳ ಹಾರ್ನು. ಆ ಬಾಡಿಗೆ ವ್ಯಾನುಗಳು ನುಗ್ಗುವುದು ನೋಡಿದರೆ ಎಂಥವರಿಗೂ ಎದೆ ಧಸಕ್ಕೆನ್ನಬೇಕು. "ಏನೇ, ನಿನ್ ಸ್ಟೂಡೆಂಟ್ಸ್‌ಗೆ ಗೊತ್ತಾ ಅವರ ಮೇಡಂ ಟೆಸ್ಟ್‌ನಲ್ಲಿ ಔಟ್ ಅಂತ?" ಎಂದು ನಮ್ಮವರು ದಿನಾ ರೇಗಿಸುತ್ತಿದ್ದರು.

ಮರುದಿನ ಮಧ್ಯಾಹ್ನ ಮಟಾಟು ಹತ್ತಿ ಕರೆನ್‌ಗೆ ಹೋದೆ. ಸ್ಟಾಪಿನಿಂದ ಮಾಮಾ ಬ್ರಯನ್ ಕೆಲಸ ಮಾಡುವ ಶಾಲೆಯ ಗೇಟಿಗೆ ನಡೆದೂ ನಡೆದೂ ಕಾಲು ಬಿದ್ದುಹೋಯಿತು. ಅಲ್ಲಿ ನಡೆದು ಹೋಗುವವರೇ ಕಮ್ಮಿ. ಮಾಮಾ ಬ್ರಯನ್ ವ್ಯಾನಿನ ಪಕ್ಕ ನಿಂತು ಮಕ್ಕಳಿಗಾಗಿ ಕಾಯುತ್ತಿದ್ದಳು. ನನ್ನನ್ನು ನೋಡಿ ಗಾಬರಿಯಾದಳು.

"ಯಾಕೆ ಬರ್ತಿಲ್ಲ ನೀವು? ಎಲ್ಲರೂ ನಿಮಗೋಸ್ಕರ ಕಾಯ್ತಿದಾರೆ," ಎಂದು ಶುರು ಮಾಡಿಯೇಬಿಟ್ಟೆ.

ಅವಳು ತಲೆ ತಗ್ಗಿಸಿ ಹೇಳಿದಳು. "ಮ್ವಾಲಿಮು, ಚಾಮಾದಲ್ಲಿ ಹಾಕಿದವರು ಎತ್ತಬೇಕು. ಇಷ್ಟು ವಾರ ನಾನು ಯಾರಿಗೆ ಏನು ಹೇಳಿಕೊಟ್ಟೆ? ಸುಮ್ಮನೆ ಕೂತಿದ್ದೆ. ಏನೂ ಹಾಕದೆ ಕೈಚಾಚೋಕೆ ನನಗೆ ನಾಚಿಕೆ."

ನಾನು ಏನೇನೋ ಸಮಾಧಾನ ಹೇಳಿದೆ. ಊಹೂಂ. ಅವಳು ಹಿಡಿದ ಪಟ್ಟು ಬಿಡಲಿಲ್ಲ. ಕೊನೆಗೆ ಸಿಟ್ಟು ನೆತ್ತಿಗೇರಿ, "ಈ ಬಿಸಿಲಲ್ಲಿ ಇಷ್ಟು ದೂರ ನಡಕೊಂಡು ಬಂದಿದೀನಿ, ಅದಕ್ಕಾದರೂ ಬೆಲೆ ಕೊಡಿ!" ಎಂದೆ.

"ನಡಕೊಂಡಾ? ನಿಮ್ಮ ಮನೇಲಿ ಕಾರಿಲ್ಲವಾ?"

"ಇದೆ. ಓಡಿಸೋಕೆ ಬರಲ್ಲ. ಎರಡು ಸಲ ಫೇಲಾಗಿದೀನಿ. ರೌಂಡಬೌಟ್ ಕಂಡರೆ ನನಗೆ ಕಣ್ಣು ಕತ್ತಲೆ ಬರುತ್ತೆ. ಸಾಕಾ?"

ಮಾಮಾ ಬ್ರಯನ್ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ತಡೆಯಲಾಗದೆ ವ್ಯಾನಿಗೆ ಒರಗಿ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ನನಗೂ ನಗು ಬಂತು. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು, "ನೀವೂ ಚಾಮಾಕ್ಕೆ ಸೇರಿ ಮ್ವಾಲಿಮು. ಮೊದಲು ನಿಮ್ಮ ಸರದಿ. ನಾನು ಹಾಕ್ತೀನಿ, ನೀವು ಎತ್ತಿ. ಸವಾ?" ಎಂದಳು.

"ಸವಾ," ಎಂದೆ. ಸರಿ ಅನ್ನದೆ ಇನ್ನೇನು ಹೇಳಲಿ!

ಭಾನುವಾರ ಬೆಳಿಗ್ಗೆಯೇ ನ್ಗಾರಾದ ನಮ್ಮ ಮನೆಗೆ ಬಂದಳು. ನಮ್ಮವರು ಕೊಟ್ಟ ಕಾಫಿ ಕುಡಿದು, ನನ್ನನ್ನು ಸ್ಟಿಯರಿಂಗ್ ಮುಂದೆ ಕೂರಿಸಿ, ತಾನು ಪಕ್ಕದಲ್ಲಿ ಕೂತು ನೇರ ರೌಂಡಬೌಟಿಗೇ ಕರೆದುಕೊಂಡು ಹೋದಳು. ಗಾಡಿಗಳ ಜಾತ್ರೆ. ನನ್ನ ಕೈ ಸ್ಟಿಯರಿಂಗ್‌ಗೆ ಅಂಟಿಕೊಂಡಿತು. "ಆಗಲ್ಲ, ನೀವೇ ಓಡಿಸಿ," ಎಂದು ಬಾಗಿಲು ತೆಗೆಯಲು ಹೋದೆ.

"ಪೋಲೆ ಪೋಲೆ, ಮ್ವಾಲಿಮು. ನಿಧಾನ. ಎಷ್ಟು ಗಾಡಿ ಕಾಣ್ತಿದೆ ನಿಮಗೆ?"

"ಎಲ್ಲಾ ಕಾಣ್ತಿದೆ!"

"ಅದೇ ತಪ್ಪು. ಎಲ್ಲಾ ನೋಡಬೇಡಿ. ನಿಮ್ಮ ಬಲಗಡೆ ಬರ್ತಿರೋದು ಒಂದೇ ಗಾಡಿ. ಅದನ್ನ ಮಾತ್ರ ನೋಡಿ. ಅದು ಹೋಯ್ತಾ? ಈಗ ನೀವು ಹೋಗಿ. ಮುಂದಿನದ್ದು ಆಮೇಲೆ."

ಹಿಂದೆ ಒಬ್ಬ ಮಟಾಟು ಡ್ರೈವರ್ ಹಾರ್ನ್ ಒತ್ತಿಯೇ ಒತ್ತಿದ. ಮಾಮಾ ಬ್ರಯನ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಸ್ವಾಹಿಲಿಯಲ್ಲಿ ಅವನಿಗೆ ಏನೋ ಬಡಿಸಿದಳು. ಅವನು ಗಪ್‌ಚಿಪ್. ನಾನು ಬಲಗಡೆಯ ಬಿಳಿ ಕಾರೊಂದನ್ನೇ ನೋಡಿದೆ. ಅದು ಹೋಯಿತು. ಕ್ಲಚ್ ಬಿಟ್ಟೆ. ಅಯ್ಯೋ ದೇವರೇ, ದಾಟಿಬಿಟ್ಟೆ! ಆ ಕಡೆ ಗಾಡಿ ನಿಲ್ಲಿಸಿ ಅವಳ ಕೈ ಹಿಡಿದುಕೊಂಡು ಚಿಕ್ಕ ಹುಡುಗಿಯ ಹಾಗೆ ಕಿರುಚಿದೆ.

ಅಲ್ಲೇ, ಕಾರಿನಲ್ಲಿ ಕೂತಿದ್ದಾಗಲೇ ನನಗೆ ಹೊಳೆದದ್ದು. ಉದ್ದದ ಲೆಕ್ಕ ಕಂಡಾಗ ಇವಳಿಗೂ ಆಗುವುದು ಇದೇ ಅಲ್ಲವೇ? ಎಲ್ಲ ಗಾಡಿಯೂ ಒಟ್ಟಿಗೆ ಕಾಣುತ್ತದೆ.

ಮರುದಿನ ಮಾಮಾ ಬ್ರಯನ್ ತರಗತಿಗೆ ಬಂದಳು. ವಾಂಬೂಯಿ ಓಡಿಬಂದು ತಬ್ಬಿಕೊಂಡಳು. ಕ್ಲಾಸ್ ಮುಗಿದ ಮೇಲೆ ಎಲ್ಲರೂ ಅವಳ ಸುತ್ತ ಕೂತಾಗ ನಾನೂ ಕುರ್ಚಿ ಎಳೆದುಕೊಂಡು ಕೂತೆ. ಔಷಧಿ ಅಳತೆಯ ಉದ್ದದ ಲೆಕ್ಕವೊಂದನ್ನು ಅವಳ ಮುಂದಿಟ್ಟು, ಮೊದಲ ಸಾಲು ಬಿಟ್ಟು ಉಳಿದದ್ದರ ಮೇಲೆ ನನ್ನ ಅಂಗೈ ಮುಚ್ಚಿದೆ.

"ಬಲಗಡೆ ಯಾವ ಗಾಡಿ ಬರ್ತಿದೆ?" ಎಂದು ಕೇಳಿದೆ.

ಉಳಿದವರು ಮುಖ ಮುಖ ನೋಡಿಕೊಂಡರು. ಅವಳಿಗೆ ಅರ್ಥವಾಯಿತು. ಮೊದಲ ಸಾಲು ಮಾಡಿದಳು. ನಾನು ಕೈ ಸ್ವಲ್ಪ ಸರಿಸಿದೆ. ಎರಡನೆಯದೂ ಮಾಡಿದಳು. ಆ ವಾರವೆಲ್ಲ ಸರದಿಯ ಮೇಲೆ ಒಬ್ಬೊಬ್ಬರು ಅಂಗೈ ಮುಚ್ಚಿದರು. ಕೊನೆಕೊನೆಗೆ ಅವಳೇ ಮುಚ್ಚಿಕೊಳ್ಳತೊಡಗಿದಳು.

ಪರೀಕ್ಷೆಯ ದಿನ ಕೊಠಡಿಯಲ್ಲಿ ನನ್ನದೇ ಮೇಲ್ವಿಚಾರಣೆ. ಪ್ರಶ್ನೆಪತ್ರಿಕೆ ತಿರುಗಿಸಿದ ಮಾಮಾ ಬ್ರಯನ್ ಮುಖ ಬಾಡಿತು. ಪೆನ್ನು ಕೆಳಗಿಟ್ಟಳು. ಕಿಟಕಿ ಕಡೆ ತಿರುಗಿದಳು. ನಾನೋ ಮೇಲ್ವಿಚಾರಕಿ. ಮಾತಾಡುವ ಹಾಗಿಲ್ಲ, ಹತ್ತಿರ ಹೋಗುವ ಹಾಗಿಲ್ಲ. ಈಗ ಎದ್ದು ಹೋದರೆ ಇವಳ ಸೀಟು ಹೋಯಿತು, ಆಸೆಯೂ ಹೋಯಿತು. ಕಿಟಕಿಯಿಂದ ತಿರುಗಿದವಳು ನನ್ನನ್ನು ನೋಡಿದಳು.

ನನಗೆ ಅದೆಲ್ಲಿಂದ ಬುದ್ಧಿ ಬಂತೋ! ಕೂತಲ್ಲೇ ಎರಡೂ ಕೈ ಗಾಳಿಯಲ್ಲಿ ಎತ್ತಿ ಸ್ಟಿಯರಿಂಗ್ ಹಿಡಿದವಳ ಹಾಗೆ ಹಿಡಿದೆ. ಹಿಡಿದು, ಕತ್ತು ಬಲಕ್ಕೆ ತಿರುಗಿಸಿದೆ. ಮುಂದಿನ ಬೆಂಚಿನವನು ಮೇಡಂಗೆ ತಲೆ ಕೆಟ್ಟಿತು ಎನ್ನುವಂತೆ ನೋಡಿದ. ಮಾಮಾ ಬ್ರಯನ್ ತುಟಿ ಕಚ್ಚಿ ನಗು ತಡೆದಳು. ಉಸಿರು ಬಿಟ್ಟಳು. ಪತ್ರಿಕೆಯ ಮೇಲೆ ಅಂಗೈ ಇಟ್ಟಳು. ಕೊನೆಯ ಗಂಟೆ ಬಾರಿಸುವವರೆಗೂ ತಲೆ ಎತ್ತಲಿಲ್ಲ.

ಅವಳು ಪಾಸಾದಳು. ಫಲಿತಾಂಶ ಹೇಳಿದ ದಿನ ವಾಂಬೂಯಿ ಮತ್ತು ಉಳಿದ ಹೆಂಗಸರು ನಾಲಿಗೆ ಹೊರಳಿಸಿ ಹಾಕಿದ ಕೇಕೆಗೆ ಪಕ್ಕದ ಕೊಠಡಿಯವರೆಲ್ಲ ಓಡಿಬಂದರು. "ಅಸಾಂಟೆ, ಮ್ವಾಲಿಮು," ಎಂದು ಅವಳು ಥ್ಯಾಂಕ್ಸ್ ಹೇಳಿದಾಗ ನಾನು ಅತ್ತುಬಿಟ್ಟೆ. ನಾನೂ ಟೆಸ್ಟ್ ಪಾಸಾದೆ ಬಿಡಿ. ನಮ್ಮವರ ಬಾಯಿಗೆ ಬೀಗ ಬಿತ್ತು.

ಮೊನ್ನೆ ಅನಘಾಗೆ ಜ್ವರ. ನಾನೇ ಕಾರು ಓಡಿಸಿಕೊಂಡು ಹರ್ಲಿಂಗ್‌ಹ್ಯಾಮ್‌ನ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ನಮ್ಮ ಸರದಿಗೆ ಕಾಯುತ್ತಿದ್ದಾಗ ಗಾಜಿನ ಆಚೆ ನೀಲಿ ಸಮವಸ್ತ್ರದಲ್ಲಿ ಕಂಡಳು ಮಾಮಾ ಬ್ರಯನ್. ದೊಡ್ಡ ನರ್ಸ್ ಪಕ್ಕ ನಿಂತು ಯಾವುದೋ ಚೀಟಿ ಓದುತ್ತಿದ್ದಳು. ಓದುತ್ತಾ ಓದುತ್ತಾ, ಕೆಳಗಿನ ಸಾಲುಗಳ ಮೇಲೆ ಅಂಗೈ ಮುಚ್ಚಿದಳು. ನನಗೆ ಮೈ ಜುಮ್ಮೆಂದಿತು. ಕಲಿಸಿದವಳು ನಾನೋ ಅವಳೋ, ಈಗ ಯಾರಾದರೂ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಇಂಥದ್ದೊಂದು ಸರದಿ ನನಗೂ ಸಿಕ್ಕಿತಲ್ಲ, ಅದೇ ನನ್ನ ಭಾಗ್ಯ.

ತಲೆ ಎತ್ತಿದವಳು ನನ್ನನ್ನು ನೋಡಿದಳು. ಮುಖ ಅರಳಿತು. ಚೀಟಿ ಕೆಳಗಿಟ್ಟು ಎರಡೂ ಕೈಯಲ್ಲಿ ಗಾಳಿಯ ಸ್ಟಿಯರಿಂಗ್ ಹಿಡಿದು, ಕತ್ತನ್ನು ಬಲಕ್ಕೆ ತಿರುಗಿಸಿದಳು. ನಾನೂ ಎದ್ದು ನಿಂತು, ಅಷ್ಟು ಜನರ ನಡುವೆ, ಹಾಗೇ ಹಿಡಿದೆ.

ಅನಘಾ ನನ್ನ ಚೂಡಿದಾರದ ಅಂಚು ಜಗ್ಗಿದಳು. "ಅಮ್ಮಾ, ಸ್ಟಾಪ್ ಇಟ್! ಎವ್ರಿಒನ್ ಈಸ್ ಲುಕಿಂಗ್!"

"ನೋಡಲಿ ಬಿಡು ಪುಟ್ಟಾ," ಎಂದೆ. ಕೈ ಇಳಿಸಲಿಲ್ಲ.