ಗೋರಿಕಲ್ಲಿಗೆ ಹಾಕದ ಪೌಡರ್

ಆ ಕಲ್ಲನ್ನು ನಾನು ಓದಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅಣ್ಣನ ಬಗ್ಗೆ, ಅವನ ಪುಸ್ತಕದ ಬಗ್ಗೆ ನಾನು ಹೇಳುವುದನ್ನೆಲ್ಲ ಕೇಳಿ ನೀವು ನನ್ನನ್ನು ಒಳ್ಳೆಯ ತಂಗಿ ಎಂದು ತಿಳಿದುಬಿಡುವ ಅಪಾಯವಿದೆ. ಅಣ್ಣ ಓದಿ ಬಾ ಎಂದು ಕಳಿಸಿದ್ದ. ನಾನು ಹೋದೆ, ಕಲ್ಲಿನಿಂದ ಹತ್ತು ಮಾರು ದೂರ ಕುಳಿತೆ, ಓದಿದೆನೆಂದು ಹೇಳಿ ಬಂದೆ.

ಇವತ್ತು ಬೆಳಿಗ್ಗೆ ಮೊಮ್ಮಗಳಿಗೆ ಸ್ನಾನ ಮಾಡಿಸಿ ಕುತ್ತಿಗೆಗೆ ಪೌಡರ್ ಹಾಕುವಾಗ ಆ ಪರಿಮಳ ಬಂತು. ಪೌಡರಿನ ಪರಿಮಳಕ್ಕೆ ನಿಮಗೆ ಮದುವೆಮನೆ ನೆನಪಾಗಬಹುದು. ನನಗೆ ನೆನಪಾಗುವುದು ಗೋರಿಗಳು.

ನನ್ನ ಅಣ್ಣ ದಾನಿಯೇಲ ಲೂಥರನ್ ಸಭೆಯ ಪಾಸ್ಟರ್. ಊರೂರು ಸುತ್ತಿ ನಿವೃತ್ತನಾಗಿ ಹೊಸಂಗಡಿಯ ಹತ್ತಿರ ಮನೆ ಮಾಡಿದ ಮೇಲೆ ನಮ್ಮ ಸಭೆಯ ಚರಿತ್ರೆ ಬರೆಯಲು ಕುಳಿತ. ಹಳೆಯ ರಿಜಿಸ್ಟರುಗಳನ್ನು ಗೆದ್ದಲು ಓದಿ ಮುಗಿಸಿದ್ದರಿಂದ ಉಳಿದದ್ದು ಗೋರಿಕಲ್ಲುಗಳು ಮಾತ್ರ. ಸವೆದ ಅಕ್ಷರ ಓದಲು ಅವನದೊಂದು ಉಪಾಯವಿತ್ತು. ತೆಂಗಿನ ನಾರಿನಿಂದ ಕಲ್ಲನ್ನು ತಿಕ್ಕುವುದು, ಒಣಗಿದ ಮೇಲೆ ಮುಖಕ್ಕೆ ಹಾಕುವ ಪೌಡರನ್ನು ಉದುರಿಸಿ ಅಂಗೈಯಿಂದ ಸವರುವುದು. ಪೌಡರ್ ಕುಳಿಯೊಳಗೆ ನಿಂತು ಅಕ್ಷರ ಬೆಳ್ಳಗೆ ಏಳುತ್ತದೆ.

"ಈ ಮನೆಯಲ್ಲಿ ಸತ್ತವರಿಗೆ ಇರುವ ಮೇಕಪ್ಪು ನನಗಿಲ್ಲ," ಎನ್ನುತ್ತಿದ್ದಳು ಅತ್ತಿಗೆ. ಅಣ್ಣ ಗೋಡೆ ತುಂಬ ವಂಶಾವಳಿಯ ಹಾಳೆ ತೂಗಹಾಕಲು ಹೊರಟಾಗ ತಡೆದವಳೂ ಅವಳೇ. "ಲೂಥರ್ ಚರ್ಚಿನ ಬಾಗಿಲಿಗೆ ಹಾಳೆ ಇಟ್ಟು ಮೊಳೆ ಹೊಡೆದದ್ದು ಸಾಕು. ನೀವು ನನ್ನ ಗೋಡೆಗೆ ಹೊಡೆಯುವುದು ಬೇಡ."

ಈ ಚರಿತ್ರೆಯಲ್ಲಿ ನನಗೇನು ಕೆಲಸ ಎಂದು ನೀವು ಕೇಳಬಹುದು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕುಳಿತವಳು. ಆದರೆ ನನ್ನ ಅಕ್ಷರ ದುಂಡಗೆ. ಅಣ್ಣನ ಅಕ್ಷರ ನೋಡಿ ಪ್ರೆಸ್ಸಿನವರು ಇದು ಯಾವ ಭಾಷೆ ಎಂದು ಕೇಳಿದ್ದರಂತೆ. ಹಾಗಾಗಿ ಅವನು ಬರೆದದ್ದನ್ನು ನಾನು ಶುದ್ಧಪ್ರತಿ ಮಾಡುತ್ತಿದ್ದೆ, ಬೀಡಿಯ ಮೊರದ ಮೇಲೆಯೇ ನೋಟುಪುಸ್ತಕ ಇಟ್ಟು. ನನಗೆ ನಾಲ್ಕು ಸಾಲು ನೇರ ಬರೆಯಲು ಬರುತ್ತದೆಂದರೆ ಅದು ಆ ಕೆಲಸದಿಂದ. ಹಾಳೆಗಳ ನಡುವೆ ಹೊಗೆಸೊಪ್ಪಿನ ಹುಡಿ ಉಳಿದು, ನಮ್ಮ ಸಭೆಯ ಚರಿತ್ರೆಯನ್ನು ಮೊದಲು ಓದಿದವರೆಲ್ಲ ಸೀನಿದರು.

ಅಣ್ಣನ ಬಾಯಲ್ಲಿ ಯಾವಾಗಲೂ ಇದ್ದದ್ದು ಒಂದೇ ಪ್ರಶ್ನೆ: ಸಾಕ್ಷಿ ಎಲ್ಲುಂಟು? ಒಂದಲ್ಲ, ಎರಡು ಸಾಕ್ಷಿ ಬೇಕು ಅವನಿಗೆ. ಹಿಂದೆ ಒಬ್ಬ ಜರ್ಮನ್ ಪಾದ್ರಿ ಕೀರ್ತನೆ ಹಾಡಿ ಹುಲಿಯನ್ನು ಓಡಿಸಿದರೆಂದು ನಮ್ಮ ಸಭೆಯಲ್ಲಿ ಮಕ್ಕಳಿಂದ ಮುದುಕರವರೆಗೆ ನಂಬಿದ್ದರು. ಅಣ್ಣ ಅದನ್ನು ಪುಸ್ತಕಕ್ಕೆ ಸೇರಿಸಲಿಲ್ಲ. ಸಭೆಯ ಹಿರಿಯ ಸ್ಟ್ಯಾನ್ಲಿ ಗಲ್ಫಿನಿಂದ ಬಂದು ಕುಂಬಳೆಯಲ್ಲಿ ಅಂಗಡಿ ಇಟ್ಟವನು, ಗಾಯನ ಮಂಡಳಿಯಲ್ಲಿ ಅವನದೇ ದೊಡ್ಡ ಸ್ವರ. ಅವನಿಗೆ ಸಿಟ್ಟು ಬಂತು.

"ಸಾಕ್ಷಿಗೆ ಹುಲಿಯನ್ನೇ ಕರ್ಕೊಂಡು ಬರಬೇಕಾ ಪಾಸ್ಟರೇ?"

"ಹುಲಿ ಓಡುವ ಹಾಗೆ ಹಾಡುವವರು ನಮ್ಮಲ್ಲಿ ಈಗಲೂ ಇದ್ದಾರೆ ಸ್ಟ್ಯಾನ್ಲಿ," ಎಂದ ಅಣ್ಣ. "ಅಷ್ಟಕ್ಕೇ ಅದನ್ನು ಚರಿತ್ರೆ ಅಂತ ಹೇಳ್ಲಿಕ್ಕಾಗುವುದಿಲ್ಲ."

ಪುಸ್ತಕ ಮುಗಿಯುವ ಹೊತ್ತಿಗೆ ಒಂದು ಕಲ್ಲು ಉಳಿದಿತ್ತು. ಎಣ್ಮಕಜೆಯ ಕಡೆ, ಗೇರುಮರಗಳ ಗುಡ್ಡೆಯ ಮೇಲೆ ನಮ್ಮವರದೊಂದು ಗೋರಿ ಇದೆಯೆಂದು ಒಬ್ಬಳು ಅಜ್ಜಿ ಹೇಳಿದ್ದಳು. ಆಗಲೇ ಅಣ್ಣ ಮತ್ತೊಂದು ಗೋರಿಯ ಮೇಲೆ ಹತ್ತಿ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ. ಅತ್ತಿಗೆಯ ಪೌಡರ್ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಹೇಳಿದ, "ನೀನೇ ಹೋಗಿ ಬಾ ಮಾರಾಯ್ತಿ. ನಿನ್ನ ಕಣ್ಣೂ ಒಂದೇ, ನನ್ನ ಕಣ್ಣೂ ಒಂದೇ."

ಮಾರ್ಚ್ ತಿಂಗಳ ಬಿಸಿಲು. ಬಸ್ಸಿಳಿದು ಗುಡ್ಡೆ ಹತ್ತಿದೆ. ಕಲ್ಲು ಇತ್ತು, ಗೇರುಮರದ ಬಾಗಿದ ಕೊಂಬೆಯ ಅಡಿಯಲ್ಲಿ, ಅರ್ಧ ಮಣ್ಣೊಳಗೆ. ಕೊಂಬೆ ಸರಿಸಿದೆ. ಎಲೆಗಳನ್ನು ಹೊಲಿದು ಗೂಡು ಕಟ್ಟಿದ್ದ ಕೆಂಪು ಚಗಳಿ ಇರುವೆಗಳು ಒಟ್ಟಾಗಿ ನನ್ನ ಕುತ್ತಿಗೆಗೆ ಬಿದ್ದವು. ಆಮೇಲೆ ನಾನು ಕುಣಿದ ಕುಣಿತವನ್ನು ಯಾರೂ ನೋಡಲಿಲ್ಲ ಎಂಬುದೇ ಸಮಾಧಾನ. ಹತ್ತು ಮಾರು ಓಡಿ ಬೇರೆ ಮರದಡಿ ಕುಳಿತು, ಉರಿಗೆ ಪೌಡರ್ ಹಾಕಿಕೊಂಡೆ. ಕುತ್ತಿಗೆಗೆ, ಬೆನ್ನಿಗೆ, ಕೈಗೆ. ಡಬ್ಬಿ ಖಾಲಿಯಾಯಿತು. ಮತ್ತೆ ಆ ಕಲ್ಲಿನ ಹತ್ತಿರ ಹೋಗಲು ಧೈರ್ಯ ಬರಲಿಲ್ಲ. ಬಸ್ಸಿಗೆ ಒಂದು ಗಂಟೆ ಇತ್ತು, ಮೊಣಕಾಲ ಮೇಲೆ ಬರಿಯ ಹಾಳೆ ಇತ್ತು. ಮೈತುಂಬ ದದ್ದು ಎದ್ದಿದ್ದರಿಂದ ನೆನಪಾದದ್ದು ಬೈಬಲಿನಲ್ಲಿ ಮೈತುಂಬ ಹುಣ್ಣಾದ ಯೋಬ. ಹೀಗೆ ಬರೆದೆ:

"ಉಪದೇಶಿ ಯೋಬ. ಬಿಸಿಲಿನಲ್ಲಿ ನಡೆದನು, ನೆರಳಿನಲ್ಲಿ ವಿಶ್ರಮಿಸುತ್ತಾನೆ."

ಬಿಸಿಲಿನಲ್ಲಿ ನಡೆದವಳು ನಾನು, ನೆರಳಲ್ಲಿ ಕುಳಿತವಳೂ ನಾನೇ. ದೇವರಾಣೆ, ಹೊಸಂಗಡಿಯಲ್ಲಿ ಇಳಿದ ಕೂಡಲೇ ನಿಜ ಹೇಳುವುದೆಂದೇ ಇದ್ದೆ. ಆದರೆ ಅಣ್ಣ ಪ್ಲಾಸ್ಟರ್ ಕಾಲಲ್ಲಿ, ಕೊಡೆ ಊರಿಕೊಂಡು ಬಸ್‌ಸ್ಟ್ಯಾಂಡಿಗೇ ಬಂದು ಕಾಯುತ್ತಿದ್ದ. ಮೊದಲು ಡಬ್ಬಿ ತೆಗೆದು ಅಲ್ಲಾಡಿಸಿದ. "ಪೂರ್ತಿ ಖಾಲಿ. ಚೆಂದ ಮಾಡಿ ಸವರಿದ್ದೀ." ಆಮೇಲೆ ಹಾಳೆ ಓದಿದ. ಕನ್ನಡಕ ತೆಗೆದು ಒರೆಸಿದ. "ಎಂತ ಮಾತು ನೋಡು. ಆ ಕಾಲದವರಿಗೆ ಮಾತ್ರ ಸಾಧ್ಯ."

ಯೋಬನಿಗೆ ಪುಸ್ತಕದಲ್ಲಿ ಒಂಬತ್ತು ಪುಟ. ಅವನು ಯಾವ ದಾರಿಯಲ್ಲಿ ನಡೆದಿರಬಹುದೆಂದು ಒಂದು ನಕ್ಷೆ ಕೂಡ. ಎರಡನೆಯ ಸಾಕ್ಷಿಯ ಕೊರತೆಯನ್ನು ಸ್ಟ್ಯಾನ್ಲಿ ತುಂಬಿಸಿದ. "ಯೋಬ ನಮ್ಮ ಅಜ್ಜನ ಅಜ್ಜ, ಪಾಸ್ಟರೇ. ಮನೆಯಲ್ಲಿ ಹೇಳುವುದು ಕೇಳಿದ್ದೇನೆ. ನಾವೆಲ್ಲ ಬಿಸಿಲಲ್ಲಿ ನಡೆದವರೇ." ರಸ್ತೆಯ ಆಚೆ ಬದಿಗೆ ಹೋಗಲೂ ಕಾರು ತೆಗೆಯುವವನು ಅವನು. ಅಲ್ಲಿಂದ ಪ್ರತಿ ವರ್ಷ ಒಂದು ಭಾನುವಾರ ಯೋಬ ಉಪದೇಶಿಯ ಸ್ಮರಣೆ, ಆರಾಧನೆಯ ನಂತರ ಸ್ಟ್ಯಾನ್ಲಿಯ ಲೆಕ್ಕದಲ್ಲಿ ಕಡಲೆಬೇಳೆ ಪಾಯಸ. ಅಣ್ಣ ಯಾರದೇ ಅಂತ್ಯಕ್ರಿಯೆಗೆ ಹೋದರೂ ನನ್ನ ಸಾಲನ್ನು ಹೇಳುತ್ತಿದ್ದ, ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ತಲೆ ತಗ್ಗಿಸಿ ಕೂರುತ್ತಿದ್ದೆ. ಪಾಯಸ ಮಾತ್ರ ಎರಡು ಲೋಟ ಕುಡಿಯುತ್ತಿದ್ದೆ.

ಕಥೋಲಿಕರಿಗಾದರೆ ಪಾಪ ಹೇಳಲು ಒಂದು ಗೂಡು ಉಂಟು, ಒಬ್ಬ ಪಾದ್ರಿ ಉಂಟು. ನಮ್ಮಲ್ಲಿ ಪ್ರತಿ ಭಾನುವಾರ ಎಲ್ಲರೂ ಒಟ್ಟಾಗಿ ನಿಂತು ಪಾಪನಿವೇದನೆ ಓದುತ್ತೇವೆ. ಅದರಲ್ಲಿ ದೊಡ್ಡ ಅನುಕೂಲ ಏನೆಂದರೆ, ನೂರು ಸ್ವರಗಳ ನಡುವೆ ನಿಮ್ಮದು ಯಾವ ಪಾಪವೆಂದು ಯಾರಿಗೂ ತಿಳಿಯುವುದಿಲ್ಲ. ಹನ್ನೆರಡು ವರ್ಷ ನಾನು ಆ ನೂರು ಸ್ವರಗಳ ಹಿಂದೆ ಅಡಗಿ ಕುಳಿತೆ.

ಮೊನ್ನೆ ಮೊನ್ನೆ ಸಭೆಯವರು ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸುವುದೆಂದು ತೀರ್ಮಾನಿಸಿದರು. ಸ್ಟ್ಯಾನ್ಲಿ ಎದ್ದು ನಿಂತ. ಈ ಸಲದ ಸ್ಮರಣೆಯ ದಿನ ಎಲ್ಲರೂ ಜೀಪು ಮಾಡಿ ಗುಡ್ಡೆಗೆ ಹೋಗುವುದು, ಹಳೆಯ ಕಲ್ಲನ್ನು ತೊಳೆದು ಮುಖಪುಟಕ್ಕೆ ಫೋಟೊ ತೆಗೆಯುವುದು, ಪಕ್ಕದಲ್ಲಿ ಚಿನ್ನದ ಅಕ್ಷರದ ಗ್ರಾನೈಟ್ ನಿಲ್ಲಿಸುವುದು. ಅಣ್ಣ ಚಿಕ್ಕ ಮಗುವಿನ ಹಾಗೆ ಖುಷಿಪಟ್ಟ. ಆದರೆ ಕಲ್ಲು ತೊಳೆದ ಕೂಡಲೇ ಸಭೆಯ ಎದುರು ಸುಳ್ಳಾಗುವವನು ಯೋಬನಲ್ಲ, ಅಣ್ಣ. ಹುಲಿಗೆ ಸಾಕ್ಷಿ ಕೇಳಿದವನು.

ಮರುದಿನವೇ ಗಂಡನ ತುಂಬುತೋಳಿನ ಅಂಗಿ ಹಾಕಿ, ತಲೆಗೆ ಬೈರಾಸು ಸುತ್ತಿ, ನಾರು, ನೀರು, ಪೌಡರ್ ಹಿಡಿದು ಒಬ್ಬಳೇ ಹೋದೆ. ಮಣ್ಣು ಬಿಡಿಸಿದೆ, ತಿಕ್ಕಿದೆ, ಸವರಿದೆ. ಅಕ್ಷರ ಒಂದೊಂದೇ ಎದ್ದು ಬಂತು.

"ಮಾರ್ಥ. ಇಲ್ಲಿಯ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದಳು."

ಅಷ್ಟೇ. ಅಲ್ಲೇ ಬಹಳ ಹೊತ್ತು ಕುಳಿತೆ. ಇರುವೆಗಳು ಬಂದವು, ಕಚ್ಚಿದವು. ಕಚ್ಚಲಿ ಎಂದು ಬಿಟ್ಟೆ.

ಸಂಜೆ ಅಣ್ಣನ ಜಗಲಿಯಲ್ಲಿ ಎಲ್ಲವನ್ನೂ ಹೇಳಿದೆ. ಅವನು ಕಣ್ಣು ಮುಚ್ಚಿ ಕೇಳಿದ. ಕೊನೆಗೆ ಕೇಳಿದ್ದು ಅದೇ: "ಸಾಕ್ಷಿ ಎಲ್ಲುಂಟು?"

"ಇಲ್ಲಿ ನೋಡು ಅಣ್ಣ, ಬರ್ಕೊಂಡು ಬಂದಿದ್ದೇನೆ."

"ಆವತ್ತೂ ಬರ್ಕೊಂಡು ಬಂದಿದ್ದೀ."

ಮಾರನೆಯ ದಿನ ಬಾಡಿಗೆ ಜೀಪಿನಲ್ಲಿ ಗುಡ್ಡೆಗೆ ಹೋದೆವು. ಎಂಬತ್ತರ ಅಣ್ಣ ನೆಲದ ಮೇಲೆ ಕುಳಿತು ತಾನೇ ಪೌಡರ್ ಉದುರಿಸಿ, ಮಂಜಾದ ಕಣ್ಣನ್ನು ನಂಬದೆ ಪ್ರತಿ ಅಕ್ಷರವನ್ನೂ ಬೆರಳಿನಿಂದ ಮುಟ್ಟಿ ಓದಿದ.

"ಎಷ್ಟು ಜನರನ್ನು ನಿನ್ನ ಸಾಲು ಹೇಳಿ ಹೂಳಿದ್ದೇನೆ ನಾನು," ಎಂದ. ಮತ್ತೆ, "ಅಷ್ಟು ಒಳ್ಳೆಯ ಸಾಲು ಅಂತ ಆಗಲೇ ಸಂಶಯ ಬರಬೇಕಿತ್ತು. ನಿಜವಾದ ಕಲ್ಲು ಹೆಚ್ಚು ಮಾತಾಡುವುದಿಲ್ಲ."

ಬೈಯುತ್ತಾನೆಂದು ಕಾದೆ. ಬೈಯಲಿಲ್ಲ. "ಭಾನುವಾರ ನಾನೇ ಹೇಳುತ್ತೇನೆ. ಒಬ್ಬಳ ಮಾತಿಗೆ ಅಚ್ಚು ಹಾಕಿಸಿದವನು ನಾನು. ತಪ್ಪು ನನ್ನದು," ಎಂದ. ಬೈದಿದ್ದರೆ ವಾಸಿ ಇತ್ತು.

ಸ್ಮರಣೆಯ ಆ ಭಾನುವಾರ ಅಣ್ಣ ಕೋಲೂರಿಕೊಂಡು ಮುಂದೆ ಹೋಗಿ, "ನನ್ನ ಪುಸ್ತಕದಲ್ಲಿ ಒಂದು ತಪ್ಪುಂಟು," ಎಂದು ತೊಡಗಿದ. ಹೆಂಗಸರ ಸಾಲಿನಲ್ಲಿ ನಾನು ಎದ್ದು ನಿಂತದ್ದು ನನಗೇ ಗೊತ್ತಾಗಲಿಲ್ಲ. ಇರುವೆ, ಪೌಡರ್, ಯೋಬ, ಎಲ್ಲ ಹೇಳಿಬಿಟ್ಟೆ. ಕೊನೆಗೆ ಸ್ಟ್ಯಾನ್ಲಿಯ ದೊಡ್ಡ ಸ್ವರ ಸಣ್ಣದಾಗಿ ಬಂತು.

"ಹಾಗಾದರೆ ನನ್ನ ಅಜ್ಜನ ಅಜ್ಜ ಯಾರು ಅಕ್ಕ?"

"ಹುಡುಕುವಾ, ಸ್ಟ್ಯಾನ್ಲಿ," ಎಂದ ಅಣ್ಣ. "ಈ ಸಲ ಎರಡು ಸಾಕ್ಷಿ ಇಟ್ಟು."

ಹಿಂದಿನ ಬೆಂಚಿನಿಂದ ಯಾರೋ ಪಾಯಸ ಉಂಟಲ್ಲ ಎಂದು ಕೇಳಿದರು. ಉಂಟು, ಮಾರ್ಥಳ ಹೆಸರಲ್ಲಿ, ಎಂದ ಸ್ಟ್ಯಾನ್ಲಿ. ಆವತ್ತು ನನಗೆ ಒಂದು ಲೋಟ ಇಳಿಯುವುದೇ ಕಷ್ಟವಾಯಿತು.

ಮೊಮ್ಮಗಳು ಪೌಡರ್ ಹಾಕಿಸಿಕೊಂಡು ಅಂಗಳಕ್ಕೆ ಓಡಿದ್ದಾಳೆ. ಡಬ್ಬಿಯಲ್ಲಿ ಅರ್ಧ ಉಳಿದಿದೆ, ಅದನ್ನು ಚೀಲಕ್ಕೆ ಹಾಕಿದ್ದೇನೆ. ಅಣ್ಣ ಮತ್ತು ನಾನು ಇವತ್ತು ಇನ್ನೊಂದು ಕಲ್ಲು ನೋಡಲು ಹೋಗುವವರಿದ್ದೇವೆ. ಓದುವವಳು ನಾನು, ಪಕ್ಕದಲ್ಲಿ ನಿಂತು ನೋಡುವವನು ಅವನು. ಹೊಸ ಮುದ್ರಣದಲ್ಲಿ ಯೋಬನ ಒಂಬತ್ತು ಪುಟ ಇರುವುದಿಲ್ಲ. ಆ ಜಾಗದಲ್ಲಿ ಮಾರ್ಥಳ ಒಂದು ಸಾಲು, ಅದರ ಕೆಳಗೆ ನಾನು ಸಭೆಯಲ್ಲಿ ಕೊನೆಗೆ ಹೇಳಿದ ಮಾತು, ನನ್ನದೇ ಅಕ್ಷರದಲ್ಲಿ. ಪ್ರೆಸ್ಸಿಗೆ ಕಳಿಸುವ ಮೊದಲು ಇವತ್ತು ಅದನ್ನು ಶುದ್ಧಪ್ರತಿ ಮಾಡಿದೆ:

"ನಾನು ಕಲ್ಲನ್ನು ನೋಡದೆ ಬರೆದೆ. ಅಣ್ಣ ನನ್ನನ್ನು ನಂಬಿದ, ಅಷ್ಟೇ ಅವನ ತಪ್ಪು. ಅಣ್ಣ, ನನ್ನನ್ನು ಕ್ಷಮಿಸು. ಮಾರ್ಥಕ್ಕ, ನಿಮ್ಮ ಹತ್ತಿರದವರೆಗೆ ಬಂದು ನಿಮ್ಮ ಹೆಸರು ಕೇಳದೆ ಹೋದೆ. ನೀವೂ ಕ್ಷಮಿಸಿ."